ತಪ್ಪು ಮಿಕ್ಸಿಂಗ್ ರೂಮಿನದಲ್ಲ

ಬೆಣ್ಣೆಯಕ್ಕ,

ಈ ಅಕ್ಷರ ಯಾರದೆಂದು ನಿಮಗೆ ಗೊತ್ತಾಗಿರುತ್ತದೆ. ಗೊತ್ತಾದ ಕೂಡಲೇ ನೀವು ಕಾಗದ ಮಡಿಸಿ ಪಕ್ಕಕ್ಕಿಟ್ಟರೆ ಅದರಲ್ಲಿ ಅನ್ಯಾಯವೇನೂ ಇಲ್ಲ. ಆದರೂ ಒಂದು ಸಲ, ಕನ್ನಡಕ ಹಾಕಿಕೊಂಡು, ಕೊನೆಯವರೆಗೆ ಓದಿ. ಇದರಲ್ಲಿರುವ ಸಂಗತಿ ನನಗಿಂತ ಹೆಚ್ಚಾಗಿ ನಿಮಗೆ ಸೇರಿದ್ದು. ಹನ್ನೊಂದು ವರ್ಷ ಅದನ್ನು ನಾನು ಇಟ್ಟುಕೊಂಡು ಕೂತಿದ್ದೆ.

ಮೂರು ವಾರದ ಹಿಂದೆ, ಶನಿವಾರ ಬೆಳಿಗ್ಗೆ, ದೊಡ್ಡಾಸ್ಪತ್ರೆಯ ಎದುರಿನ ಔಷಧಿ ಅಂಗಡಿಯಲ್ಲಿ ನಿಮ್ಮನ್ನು ನೋಡಿದೆ. ನೀವು ನನ್ನನ್ನು ನೋಡಲಿಲ್ಲ. ಹತ್ತಿ, ಬ್ಯಾಂಡೇಜು ಜೋಡಿಸಿಟ್ಟ ಕಪಾಟಿನ ಹಿಂದೆ ನಾನು ಸರಿದು ನಿಂತಿದ್ದೆ. ಅಡಗಿಕೊಂಡೆ ಎಂದೇ ಬರೆಯಬೇಕು. ನಿಮ್ಮ ಕೂದಲು ಪೂರ್ತಿ ಬೆಳ್ಳಗಾಗಿದೆ. ಬೆನ್ನು ಮಾತ್ರ ಹಾಗೇ ಇದೆ, ನೆಟ್ಟಗೆ. ನೀವು ನಮ್ಮ ಕಾರ್ಖಾನೆಯ ಕ್ರೀಮು ಕೇಳಿದಿರಿ. ಅಂಗಡಿಯವನು, “ಅಮ್ಮಾ, ಅದು ಹಳೇ ಕಾಲದ್ದು. ಈಗ ಟ್ಯೂಬಲ್ಲಿ ಹೊಸಾದು ಬಂದಿದೆ ನೋಡಿ. ಜಿಡ್ಡಿಲ್ಲ, ಹಚ್ಚಿದ ತಕ್ಷಣ ಮಾಯ ಆಗುತ್ತೆ” ಎಂದ. “ಮಾಯ ಆಗೋದಾದ್ರೆ ಹಚ್ಕೊಳ್ಳೋದ್ಯಾಕಪ್ಪ? ಆ ದುಂಡು ಡಬ್ಬೀನೇ ಕೊಡು” ಎಂದಿರಿ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಪಾಟಿನ ಹಿಂದೆ ನನಗೂ ನಗು ಬಂತು. ಆಮೇಲೆ ಅವನು ತಮಾಷೆಗೆ, “ಏನಮ್ಮಾ, ಕಂಪನಿಯವರು ನಿಮ್ಮ ನೆಂಟರಾ?” ಅಂದ. ನೀವು ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತ ಮೆಲ್ಲಗೆ ಹೇಳಿದಿರಿ: “ಒಳ್ಳೇ ಕ್ರೀಮು ಕಣಪ್ಪ. ಒಂದೇ ಒಂದ್ಸಲ ಕೆಟ್ಟಿತ್ತು. ಅದು ಕೆಟ್ಟಿದ್ದೂ ನನ್ನ ಕೈಯಿಂದ.”

ಅವನಿಗೆ ಅರ್ಥವಾಗಲಿಲ್ಲ, ಮುಂದಿನವರ ಚೀಟಿ ಇಸಿದುಕೊಂಡ. ನೀವು ಮೆಟ್ಟಿಲು ಇಳಿದು ಹೋದಿರಿ. ನಾನು ಏನು ಕೊಳ್ಳಲು ಬಂದಿದ್ದೆನೋ ಅದನ್ನೂ ಮರೆತು ಮನೆಗೆ ಬಂದೆ.

ಅಕ್ಕ, ನನ್ನನ್ನು ನೀವು ಬೈದುಕೊಂಡಿರುತ್ತೀರಿ, ನನ್ನ ಹೆಸರು ಬಂದರೆ ಮುಖ ತಿರುಗಿಸುತ್ತಿರುತ್ತೀರಿ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ನನಗೆ ಎಷ್ಟೋ ಹಗುರವಾಗಿತ್ತು. ನೀವು ನಿಮ್ಮನ್ನೇ ಬೈದುಕೊಂಡು ಬದುಕುತ್ತಿದ್ದೀರಿ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ನಾನು ಕಾರ್ಖಾನೆಗೆ ಸೇರಿದ ದಿನ ನಿಮಗೆ ನೆನಪಿದೆಯೋ ಇಲ್ಲವೋ. ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು, ಕೈಯಲ್ಲಿ ಥರ್ಮಾಮೀಟರು ಹಿಡಿದು, ಪದವಿಯ ಕಾಗದದ ಮಸಿ ಇನ್ನೂ ಆರಿರದ ಗತ್ತಿನಲ್ಲಿ ಮಿಕ್ಸಿಂಗ್ ರೂಮಿಗೆ ಬಂದಿದ್ದೆ. ಎರಡು ದೊಡ್ಡ ಹಂಡೆಗಳು. ಒಂದರಲ್ಲಿ ಮೇಣ, ಎಣ್ಣೆ, ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು ಕರಗುತ್ತಿತ್ತು. ಇನ್ನೊಂದರಲ್ಲಿ ಗ್ಲಿಸರಿನ್ ಬೆರೆಸಿದ ನೀರು ಕಾಯುತ್ತಿತ್ತು. ನೀವು ತಲೆಗೆ ಬಟ್ಟೆ ಕಟ್ಟಿಕೊಂಡು, ಆವಿಯ ನಡುವೆ ನಿಂತು, ನೀರನ್ನು ಎಣ್ಣೆಯ ಹಂಡೆಗೆ ದಾರದಷ್ಟು ಸಣ್ಣಗೆ ಬಿಡುತ್ತಿದ್ದಿರಿ. “ಇಷ್ಟು ನಿಧಾನ ಯಾಕೆ?” ಎಂದು ಕೇಳಿದೆ. “ನೀರಿಗೂ ಎಣ್ಣೆಗೂ ಆಗಿಬರಲ್ಲ ಕಣಮ್ಮ. ಅವಸರ ಮಾಡಿದ್ರೆ ಮುನಿಸ್ಕೊಂಡು ಬೇರೆ ಆಗ್ಬಿಡ್ತವೆ. ಪರಿಚಯ ಮಾಡಿಸಿ ಮಾಡಿಸಿ ಸೇರಿಸ್ಬೇಕು” ಎಂದಿರಿ. ನಾಲ್ಕು ವರ್ಷ ಕಾಲೇಜಿನಲ್ಲಿ ಓದಿದ್ದು ನನಗೆ ಅರ್ಥವಾಗಿದ್ದು ಆವತ್ತು.

ಬೆಣ್ಣೆಯಕ್ಕ ಎಂದು ನಿಮ್ಮನ್ನು ಮೊದಲು ಕರೆದವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ದೊಡ್ಡ ಯಜಮಾನರೂ ಹಾಗೇ ಕರೆಯುತ್ತಿದ್ದರು. ತಣ್ಣಗಾದ ಕ್ರೀಮನ್ನು ಬೆರಳಲ್ಲಿ ತೆಗೆದು, ಎಡಗೈಯ ಹಿಂಬದಿಗೆ ಹಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಿರಿ. ನೀವು ಹೂಂ ಅಂದ ಮೇಲೆಯೇ ಡಬ್ಬಿ ತುಂಬುವವರು ಕೂರುತ್ತಿದ್ದರು. ನನ್ನ ಲ್ಯಾಬಿನ ಯಂತ್ರ ಹೇಳುವುದೂ ನಿಮ್ಮ ಹೂಂ ಹೇಳುವುದೂ ಒಂದು ದಿನವೂ ಬೇರೆಯಾಗಲಿಲ್ಲ. ಇದಕ್ಕೆ ನನಗೆ ಒಳಗೊಳಗೇ ಸ್ವಲ್ಪ ಉರಿಯುತ್ತಿತ್ತು. ಸುಳ್ಳು ಹೇಳುವ ಕಾಲ ಮುಗಿಯಿತು, ಅದಕ್ಕೇ ಇದನ್ನೂ ಬರೆದೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ನೀವು ಲ್ಯಾಬಿಗೆ ಬಂದು ಗಿರಾಕಿಗಳು ಬರೆದ ಕಾಗದಗಳನ್ನು ನನ್ನಿಂದ ಓದಿಸಿಕೊಳ್ಳುತ್ತಿದ್ದಿರಿ. ನಿಮಗೆ ಓದಲು ಬರುತ್ತಿತ್ತು. ಆದರೂ ಇನ್ನೊಬ್ಬರ ಬಾಯಿಂದ ಕೇಳುವುದೇ ಇಷ್ಟ. ಲಾರಿ ಓಡಿಸುವವನೊಬ್ಬ ಚಳಿಯಲ್ಲಿ ಸ್ಟೇರಿಂಗ್ ಹಿಡಿದು ಒಡೆದ ಅಂಗೈಯ ಬಗ್ಗೆ ಬರೆದಿದ್ದ. ಬಟ್ಟೆ ಒಗೆಯುವ ಹೆಂಗಸೊಬ್ಬಳು, ಮೂವತ್ತು ವರ್ಷದಿಂದ ತನ್ನ ಬೆರಳಿಗೆ ಬೇರೇನೂ ಹಚ್ಚಿಲ್ಲ, ದಯವಿಟ್ಟು ಡಬ್ಬಿಯ ಆಕಾರ ಬದಲಿಸಬೇಡಿ, ಕತ್ತಲಲ್ಲೂ ಕೈಗೆ ಸಿಗುತ್ತದೆ ಎಂದು ಕೇಳಿಕೊಂಡಿದ್ದಳು. ಹಾಸಿಗೆ ಹಿಡಿದ ಗಂಡನ ಬೆನ್ನಿಗೆ ಹಚ್ಚುತ್ತಿದ್ದವರು, ಹಸುಗೂಸಿನ ಕೆನ್ನೆಗೆ ಹಚ್ಚುತ್ತಿದ್ದವರು, ಗಡ್ಡ ಕೆರೆದ ಮೇಲೆ ಹಚ್ಚುತ್ತಿದ್ದ ಮುದುಕರು. ಒಮ್ಮೆ ನಾನು, “ಇಷ್ಟು ಅಗ್ಗದ ಕ್ರೀಮಿಗೆ ಜನ ಯಾಕಕ್ಕ ಇಷ್ಟೊಂದು ಅಂಟ್ಕೊಂಡಿದಾರೆ?” ಎಂದು ಕೇಳಿದ್ದೆ. ನೀವು, “ಇದು ಯಾರಿಗೂ ನಿನ್ನನ್ನ ಬೆಳ್ಳಗೆ ಮಾಡ್ತೀನಿ, ಚಿಕ್ಕವಳನ್ನಾಗಿ ಮಾಡ್ತೀನಿ ಅಂತ ಆಸೆ ಹುಟ್ಟಿಸಲ್ಲ. ಒಡೆದಿದೆಯಾ, ಬಾ, ಸ್ವಲ್ಪ ಮೆತ್ತಗಾಗು ಅನ್ನುತ್ತೆ, ಅಷ್ಟೆ. ಕೊಟ್ಟ ಮಾತು ಉಳಿಸ್ಕೊಳ್ಳುತ್ತೆ” ಅಂದಿರಿ. ಆಮೇಲೆ ಕೊಟ್ಟ ಮಾತು ಮುರಿದವರು ನಾವು. ನಾವು ಎಂದರೆ ಮ್ಯಾನೇಜರು ಮತ್ತು ನಾನು.

ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಚಿಕ್ಕ ಯಜಮಾನರು ಬಂದರು. ಕ್ರೀಮಿಗೆ ಅಜ್ಜಿಯ ವಾಸನೆ ಬರುತ್ತದೆ, ಹುಡುಗಿಯರು ಮುಟ್ಟುವುದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರು. ಹೊಸ ಸೆಂಟು ತರಿಸಿದರು. ಅದನ್ನು ಪರೀಕ್ಷೆ ಮಾಡುವ ಕೆಲಸ ನನಗೆ ಬಂತು. ಪ್ಯಾಕಿಂಗ್ ವಿಭಾಗದ ಹನ್ನೆರಡು ಹೆಂಗಸರ ಮೊಳಕೈಯ ಒಳಭಾಗಕ್ಕೆ ಹಚ್ಚಿ, ಆರು ವಾರ ನೋಡಬೇಕಿತ್ತು. ಒಂಬತ್ತನೆಯ ದಿನ ಮ್ಯಾನೇಜರು ಬಂದು, “ಸಾಕು, ವರದಿ ಕೊಡಿ. ನಿಮ್ಮ ಕೆಲಸ ಕಾಯಂ ಮಾಡೋ ಕಾಗದವೂ ಈ ವಾರವೇ ನನ್ನ ಮೇಜಿಗೆ ಬರುತ್ತೆ” ಎಂದರು. ಬೆದರಿಸಲಿಲ್ಲ. ನಗುತ್ತಲೇ ಹೇಳಿದರು. ಅಷ್ಟು ಹೊತ್ತಿಗೆ ಇಬ್ಬರ ಕೈಯಲ್ಲಿ ಕೆಂಪು ಗಂದೆ ಎದ್ದಿತ್ತು. ಸೆಕೆಯ ದಿನಗಳು, ಬೆವರಿನಿಂದ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ವರದಿಯಲ್ಲಿ ‘ಯಾರಿಗೂ ತೊಂದರೆ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಹೊಸ ಸೆಂಟಿನ ಮೊದಲ ಬ್ಯಾಚು ತಯಾರಾದ ದಿನ ನೀವು ಎಂದಿನಂತೆ ಕೈಗೆ ಹಚ್ಚಿ ನೋಡಿದಿರಿ. ಹೂಂ ಅನ್ನಲಿಲ್ಲ. ಎದುರಿನ ಲ್ಯಾಬಿನ ಬಾಗಿಲಿಗೆ ಬಂದು ನಿಂತು, “ಇದು ಯಾಕೋ ಚುರುಚುರು ಅನ್ನುತ್ತೆ ಕಣಮ್ಮ. ಎಲ್ಲೋ ಏನೋ ಹೆಚ್ಚುಕಮ್ಮಿ ಆಗಿದೆ. ಇನ್ನೊಂದ್ಸಲ ನೋಡ್ತೀಯಾ?” ಎಂದಿರಿ. ನಾನು ತಲೆ ಎತ್ತದೆ, “ವರದಿ ಆಗಿದೆ ಅಕ್ಕ. ನಿಮ್ಮ ಕೈ ಬಿಸಿನೀರಲ್ಲಿ ನೆಂದಿರುತ್ತೆ, ಅದಕ್ಕೆ ಹಾಗನಿಸುತ್ತೆ” ಎಂದೆ. “ಇರಬಹುದು. ಓದಿದವಳು ನೀನು” ಎಂದು ಹೋದಿರಿ. ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ನಂಬಿ ಹೋದಿರಿ.

ಒಂದು ತಿಂಗಳಲ್ಲಿ ಆ ಬ್ಯಾಚಿನ ಬಗ್ಗೆ ಎಂಟು ದೂರು ಬಂದವು. ಏಳು ಜನ ದೊಡ್ಡವರು. ಎಂಟನೆಯದು ಏಳು ತಿಂಗಳ ಹೆಣ್ಣುಮಗು. ತಾಯಿ ಮಗುವಿನ ಫೋಟೋ ಕಳಿಸಿದ್ದಳು. ಎರಡೂ ಕೆನ್ನೆ ಕೆಂಪಗೆ ಊದಿ, ಸಿಪ್ಪೆ ಎದ್ದಿದ್ದವು. ನನ್ನ ತಾಯಿ ನನಗೆ ಹಚ್ಚಿದ ಕ್ರೀಮನ್ನೇ ನಾನು ನನ್ನ ಮಗಳಿಗೆ ಹಚ್ಚಿದೆ, ನನ್ನದೇನು ತಪ್ಪು ಎಂದು ಕೇಳಿದ್ದಳು.

ಕಂಪನಿ ವಿಚಾರಣೆ ಇಟ್ಟಿತು. ಅದರ ಮುಂಚಿನ ದಿನ ಮ್ಯಾನೇಜರು ನನ್ನನ್ನು ಕರೆದರು. ಹಂಡೆಯ ಪಕ್ಕದ ಗೋಡೆಯಲ್ಲಿ ಶಾಖ ದಾಖಲಿಸುವ ಯಂತ್ರವಿತ್ತಲ್ಲ, ಅದರ ದುಂಡು ಕಾಗದದ ಮೇಲೆ ಪೆನ್ನಿನ ಮುಳ್ಳು ದಿನವಿಡೀ ಗೆರೆ ಎಳೆಯುತ್ತಿತ್ತು. ಸೆಂಟು ಹಾಕುವ ಗಳಿಗೆಗೆ ನೀವು ಪೆನ್ಸಿಲಿನಲ್ಲಿ ಒಂದು ಗುರುತು ಹಾಕುತ್ತಿದ್ದಿರಿ. ಶಾಖ ನಲವತ್ತೈದಕ್ಕಿಂತ ಕೆಳಗೆ ಇಳಿದ ಮೇಲೆಯೇ ಸೆಂಟು ಬೀಳಬೇಕು. ಸಂಜೆ ಆ ಕಾಗದ, ಅಂದರೆ ಚಾರ್ಟು, ಲ್ಯಾಬಿಗೆ ಬರುತ್ತಿತ್ತು. “ಆ ಬ್ಯಾಚಿನ ಚಾರ್ಟು ಸಿಗ್ತಿಲ್ಲ ಅಂದ್ಬಿಡಿ. ಬಿಸಿ ಇದ್ದಾಗಲೇ ಸೆಂಟು ಸುರಿದ್ರೆ ಹೀಗಾಗಬಹುದಾ ಅಂತ ಕೇಳ್ತೀನಿ. ಆಗಬಹುದು ಅನ್ನಿ. ಸುಳ್ಳೇನೂ ಅಲ್ವಲ್ಲ” ಎಂದರು ಮ್ಯಾನೇಜರು. ಆಗ ಚಾರ್ಟು ನನ್ನ ಮೇಜಿನ ಖಾನೆಯಲ್ಲಿತ್ತು. ನಾನು ಅದನ್ನು ನೋಡಿದ್ದೆ. ನಿಮ್ಮ ಪೆನ್ಸಿಲಿನ ಗುರುತು ನಲವತ್ತೊಂದು ಡಿಗ್ರಿಯ ಮೇಲೆ ಇತ್ತು.

ನಲವತ್ತೊಂದು, ಅಕ್ಕ. ಬೇಕಾದರೆ ಈ ಸಾಲನ್ನು ಇನ್ನೊಮ್ಮೆ ಓದಿ. ನಿಮ್ಮ ಕೈ ತಪ್ಪಲಿಲ್ಲ. ನಿಮ್ಮ ಕಣ್ಣು ತಪ್ಪಲಿಲ್ಲ. ಆ ಸೆಂಟೇ ಕೆಟ್ಟದ್ದು, ಅದು ಒಳ್ಳೆಯದೆಂದು ಬರೆದುಕೊಟ್ಟವಳು ನಾನು.

ವಿಚಾರಣೆಯ ಕೋಣೆಯಲ್ಲಿ ನೀವು ಕುರ್ಚಿಯ ತುದಿಯಲ್ಲಿ ಕೂತಿದ್ದಿರಿ. ಮ್ಯಾನೇಜರು ಕೇಳಿದರು. “ಆಗಬಹುದು” ಎಂದೆ. ಒಂದೇ ಪದ. ನೀವು ನನ್ನ ಕಡೆ ತಿರುಗಿದಿರಿ. ಆ ನೋಟವನ್ನು ಸಿಟ್ಟು ಎಂದು ನಾನು ಹನ್ನೊಂದು ವರ್ಷ ತಿಳಿದಿದ್ದೆ. ಈಗ ಅನ್ನಿಸುತ್ತದೆ, ನೀವು ಆಗ ನನ್ನ ಮುಖದಲ್ಲಿ ಉತ್ತರ ಹುಡುಕುತ್ತಿದ್ದಿರಿ. ಓದಿದವಳು ಹೇಳುತ್ತಿದ್ದಾಳೆ ಎಂದರೆ ಹಾಗೇ ಇರಬೇಕು ಎಂದು. ಆಮೇಲೆ ನೀವೇ ಹೇಳಿದಿರಿ: “ನಂದೇ ತಪ್ಪಿರಬೇಕು ಸಾರ್. ವಯಸ್ಸಾಯ್ತು. ಮುಳ್ಳು ಸರಿಯಾಗಿ ಕಾಣಿಸಿರಲಿಕ್ಕಿಲ್ಲ.” ನಿವೃತ್ತಿಗೆ ಎರಡು ವರ್ಷ ಇತ್ತು. ನೋಟೀಸು ಬೋರ್ಡಿನ ಮೇಲೆ ನಿಮ್ಮ ಹೆಸರಿನ ಮುಂದೆ ‘ನಿರ್ಲಕ್ಷ್ಯ’ ಎಂದು ಟೈಪು ಮಾಡಿ ಅಂಟಿಸಿ, ನಿಮ್ಮನ್ನು ಕೆಲಸದಿಂದ ತೆಗೆದರು. ಆಮೇಲೆ ಹಳೆಯ ಸೆಂಟಿಗೇ ಸದ್ದಿಲ್ಲದೆ ಮರಳಿದರು. ತಪ್ಪು ನಿಮ್ಮದಾಗಿದ್ದರೆ ಸೆಂಟು ಬದಲಿಸಿದ್ದು ಯಾಕೆ ಎಂದು ಇಡೀ ಕಾರ್ಖಾನೆಯಲ್ಲಿ ಒಬ್ಬರೂ ಕೇಳಲಿಲ್ಲ. ನನ್ನ ಕೆಲಸ ಕಾಯಂ ಆಯಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೀವು ಹೋಗಿ ಎರಡು ತಿಂಗಳಾಗಿತ್ತು. ಆ ಮಗುವಿನ ತಾಯಿಯಿಂದ ಮತ್ತೊಂದು ಕಾಗದ ಬಂತು. ಟಪಾಲು ಒಡೆಯುವ ಕೆಲಸ ಆಗ ನನ್ನದೇ. ‘ನಿಮ್ಮ ಕಾರ್ಖಾನೆಯ ಹೆಂಗಸೊಬ್ಬರು ಎರಡು ಬಸ್ಸು ಬದಲಿಸಿ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು’ ಎಂದು ಬರೆದಿದ್ದಳು. ಒಳಗೆ ಬನ್ನಿ ಎಂದರೂ ನೀವು ಬರಲಿಲ್ಲವಂತೆ. ಬಾಗಿಲ ಹೊರಗೇ ನಿಂತು, “ನಿಮ್ಮ ಮಗು ಕೆನ್ನೆ ಹಾಳು ಮಾಡಿದ್ದು ಈ ಕೈಯಮ್ಮ. ಹೆಂಗಿದೆ ಈಗ?” ಎಂದು ಕೇಳಿದಿರಂತೆ. ಮಗುವಿಗೆ ವಾಸಿಯಾಗಿತ್ತು. ಅವಳು ಎತ್ತಿಕೊಂಡು ಬಂದು ತೋರಿಸಿದಳಂತೆ. ನೀವು ಮುಟ್ಟಲು ಹೆದರಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಿರಂತೆ. ಕಾಗದದ ಕೊನೆಗೆ ಅವಳು ಬರೆದಿದ್ದಳು: ‘ನನಗೆ ಯಾರ ಮೇಲೂ ಕೋಪವಿಲ್ಲ. ಆ ಅಮ್ಮನನ್ನು ದಯವಿಟ್ಟು ಕೆಲಸಕ್ಕೆ ವಾಪಸ್ಸು ಕರೆಸಿಕೊಳ್ಳಿ. ಅಂಥವರು ಮಾಡಿದ ಕ್ರೀಮಾದರೆ ನಾನು ಮತ್ತೆ ಹಚ್ಚುತ್ತೇನೆ.’

ಆ ಕಾಗದವನ್ನು ನಾನು ಯಾರಿಗೂ ತೋರಿಸಲಿಲ್ಲ. ಚಾರ್ಟನ್ನು ಹರಿಯಲಾಗದೆ ಮಡಿಸಿಟ್ಟಿದ್ದೆ, ಅದರ ಜೊತೆಗೇ ಇಟ್ಟೆ. ಹರಿದುಹಾಕದೆ ಇಟ್ಟುಕೊಂಡಿದ್ದೇನೆ ಎಂಬುದೇ ನನ್ನ ಒಳ್ಳೆಯತನ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡೆ. ಮ್ಯಾನೇಜರು ಬೇರೆ ಕಂಪನಿಗೆ ಹೋದರು. ನಾನು ಲ್ಯಾಬಿನ ಮುಖ್ಯಸ್ಥೆಯಾದೆ. ಹೊಸದಾಗಿ ಸೇರುವವರಿಗೆಲ್ಲ, ಆರು ವಾರ ಎಂದರೆ ಆರು ವಾರ, ಒಂದು ದಿನ ಕಮ್ಮಿ ಆದರೂ ನಾನು ಸಹಿ ಹಾಕುವುದಿಲ್ಲ ಎಂದು ಗದರುತ್ತಿದ್ದೆ. ಮೇಡಂ ತುಂಬ ಕಟ್ಟುನಿಟ್ಟು ಎಂದು ಹೆಸರು ಬಂತು.

ಔಷಧಿ ಅಂಗಡಿಯಿಂದ ಬಂದ ಮೇಲೆ ಭಾನುವಾರವಿಡೀ ನನ್ನ ಮನೆಯವರು ಏನಾಯಿತೆಂದು ಕೇಳುತ್ತಲೇ ಇದ್ದರು. ಸಂಜೆ ಅವರಿಗೆ ಎಲ್ಲ ಹೇಳಿದೆ. ಅವರು, “ಇದನ್ನ ನನಗೆ ಹೇಳಿ ಏನಾಗಬೇಕು? ನಾನೇನು ಆ ಅಕ್ಕನಾ?” ಎಂದರು.

ಸೋಮವಾರ ಚಾರ್ಟು, ಕಾಗದ ಎರಡನ್ನೂ ಹಿಡಿದು ಚಿಕ್ಕ ಯಜಮಾನರ ಮುಂದೆ ನಿಂತೆ. ಅವರ ತಲೆಯೂ ನರೆತಿದೆ ಈಗ. ಪೂರ್ತಿ ಕೇಳಿದರು. “ಹನ್ನೊಂದು ವರ್ಷ ಆಯ್ತಲ್ಲ ಮೇಡಂ. ಆಯಮ್ಮ ಬಂದು ಕೇಳಿದ್ರಾ? ಕೇಳದೇ ಇರೋದನ್ನ ನಾವಾಗೇ ಯಾಕೆ ಕೆದಕಬೇಕು?” ಎಂದರು. “ಕೇಳೋದಕ್ಕೆ ಏನೋ ಇದೆ ಅಂತಾನೇ ಅವರಿಗೆ ಗೊತ್ತಿಲ್ಲ ಸಾರ್” ಎಂದೆ. ಅವರು ಚಾರ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಇದು ಹೊರಗೆ ಹೋದರೆ ಕ್ರೀಮಿನ ಹೆಸರು ಏನಾಗುತ್ತದೆ ಎಂದು ಯೋಚನೆ ಮಾಡಿದ್ದೀರಾ ಎಂದು ಕೇಳಿದರು. “ಬೆಣ್ಣೆಯಕ್ಕನ ತಪ್ಪಿರಲಿಲ್ಲ ಅಂತ ನೀವು ಬರೆದು ಕೊಡದಿದ್ರೆ ಇದನ್ನ ನಾನೇ ಕಾರ್ಮಿಕ ಇಲಾಖೆಗೆ ಕೊಡ್ತೀನಿ” ಎಂದೆ. ಕೈ ಹಿಂದೆ ಕಟ್ಟಿಕೊಂಡು ನಿಂತೆ. ನಾಲ್ಕು ದಿನ ಸತಾಯಿಸಿ, ಐದನೆಯ ದಿನ ಕಾಗದ ಬರೆಸಿ ಸಹಿ ಹಾಕಿದರು.

ಆ ದಿನ ಟೀ ಬಿಡುವಿನಲ್ಲಿ ಕ್ಯಾಂಟೀನಿಗೆ ಹೋಗಿ ಎಲ್ಲರ ಎದುರು ಅದನ್ನು ಓದಿದೆ. ಆಮೇಲೆ ಅದರಲ್ಲಿ ಬರೆಯದೇ ಇದ್ದ ನನ್ನ ಪಾಲನ್ನೂ ಹೇಳಿದೆ. ನೀವು ಕೆಲಸ ಕಲಿಸಿದ ಗುಂಗುರು ಕೂದಲಿನವಳು ಈಗ ಮಿಕ್ಸಿಂಗ್ ರೂಮಿನ ಹಿರಿಯಳು. ಅವಳು ಲೋಟ ಕೆಳಗಿಟ್ಟು, “ಇಷ್ಟು ವರ್ಷ ದಿನಾ ನಮ್ಮೆದುರಿಗೇ ಕೂತು ಟೀ ಕುಡಿದ್ರಲ್ಲ ಮೇಡಂ” ಎಂದು ಎದ್ದುಹೋದಳು. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ಯಾರೂ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಮರುದಿನ ರಾಜೀನಾಮೆ ಕೊಟ್ಟೆ. ಇದನ್ನು ದೊಡ್ಡ ತ್ಯಾಗವೆಂದು ನಿಮಗೆ ತೋರಿಸಲು ಬರೆಯುತ್ತಿಲ್ಲ. ಆ ಕಟ್ಟಡದೊಳಗೆ ತಲೆ ಎತ್ತಿ ನಡೆಯುವ ಜಾಗ ನನಗೆ ಉಳಿದಿರಲಿಲ್ಲ, ಅಷ್ಟೆ.

ನಿಮ್ಮ ಮನೆಗೆ ಎರಡು ಸಲ ಬಂದೆ. ಮೊದಲ ಸಲ ಬೀದಿಯ ತಿರುವಿನಿಂದಲೇ ವಾಪಸ್ಸಾದೆ. ಎರಡನೆಯ ಸಲ ಬಾಗಿಲಿಗೆ ಬೀಗ. ಪಕ್ಕದ ಮನೆಯ ದರ್ಜಿ, ಮಗಳ ಮನೆಗೆ ಹೋಗಿದ್ದೀರಿ, ಅವಳಿಗೆ ಹೆರಿಗೆಯಾಗಿದೆ, ಹೆಣ್ಣುಮಗು ಎಂದು ಹೇಳಿದರು. “ಅಜ್ಜಿ ಆದ್ರೂ ಆಯಮ್ಮನಿಗೆ ಏನೋ ಅಳುಕು ನೋಡಿ. ಮಗೂನ ಎತ್ಕೋತಾರೆ, ಆಡಿಸ್ತಾರೆ, ಸ್ನಾನ ಆದ್ಮೇಲೆ ಎಣ್ಣೆ ಕ್ರೀಮು ಹಚ್ಚೋಕೆ ಮಾತ್ರ ಮಗಳನ್ನೇ ಕರೀತಾರಂತೆ. ಮಗಳು ಫೋನಲ್ಲಿ ಹೇಳಿ ನಗ್ತಿದ್ಲು” ಎಂದರು. ಮಗಳಿಗೆ ಅದು ನಗುವ ವಿಷಯ. ನನಗಲ್ಲ. ಅವರಿಂದಲೇ ವಿಳಾಸ ತೆಗೆದುಕೊಂಡು ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ಬಂದರೆ ನೀವು ನನ್ನ ಮುಖ ನೋಡಿ ನನಗೇ ಸಮಾಧಾನ ಹೇಳಲು ಶುರುಮಾಡುತ್ತೀರಿ. ಕಾಗದಕ್ಕೆ ಸಮಾಧಾನ ಹೇಳುವ ಅಗತ್ಯ ಬೀಳುವುದಿಲ್ಲ.

ಇದರ ಜೊತೆ ಮೂರು ಕಾಗದಗಳಿವೆ. ಚಿಕ್ಕ ಯಜಮಾನರು ಸಹಿ ಮಾಡಿದ್ದು, ಚಾರ್ಟಿನ ಪ್ರತಿ, ಆ ತಾಯಿಯ ಕಾಗದ. ಮೂರನೆಯದು ಮೂಲ ಪ್ರತಿಯೇ. ಅದು ಹನ್ನೊಂದು ವರ್ಷದ ಹಿಂದೆಯೇ ನಿಮ್ಮ ಕೈ ಸೇರಬೇಕಿತ್ತು. ನಿಮ್ಮ ಮಗಳಿಗೆ ಮೂರನ್ನೂ ಓದಲು ಕೊಡಿ. ಅವಳ ಎದುರಿಗೆ ನನ್ನ ಹೆಸರು ಹೇಳಲು ಸಂಕೋಚ ಬೇಡ.

ಕ್ಷಮಿಸಿ ಎಂದು ಇಡೀ ಕಾಗದದಲ್ಲಿ ಎಲ್ಲೂ ಬರೆದಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಮರೆತು ಬಿಟ್ಟಿದ್ದಲ್ಲ. ನಾನು ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ಆ ಮಗುವಿನ ಮನೆ ಬಾಗಿಲಲ್ಲಿ ಮಾಡದ ತಪ್ಪಿಗೆ ತಲೆ ತಗ್ಗಿಸಿ ನಿಂತವರು, ಮಾಡಿದ ತಪ್ಪಿಗೆ ನನ್ನನ್ನು ಎಷ್ಟು ಹೊತ್ತು ನಿಲ್ಲಿಸಿಯಾರು? ಅದಕ್ಕೇ ಕೇಳುವುದಿಲ್ಲ. ಮೊದಲು ನನ್ನ ಮೇಲೆ ಕೋಪ ಮಾಡಿಕೊಳ್ಳಿ ಅಕ್ಕ. ಇಷ್ಟು ವರ್ಷ ನಿಮ್ಮ ಮೇಲೆ ನೀವು ಮಾಡಿಕೊಂಡದ್ದನ್ನೆಲ್ಲ ಎತ್ತಿ ಈ ಕಡೆಗೆ ಹಾಕಿ. ಅದು ಇರಬೇಕಾದ ಜಾಗ ಇದು.

ಆಮೇಲೆ, ನಾಳೆ ಬೆಳಿಗ್ಗೆ, ಮಗುವಿಗೆ ಸ್ನಾನವಾದ ಮೇಲೆ, ಮಗಳನ್ನು ಕರೆಯಬೇಡಿ.

ನಿಮ್ಮ ಮೊಮ್ಮಗಳು ನೂರು ವರ್ಷ ತಣ್ಣಗಿರಲಿ. ನಿಮಗೆ ಇನ್ನು ಮುಂದೆ ನೆಮ್ಮದಿಯ ನಿದ್ದೆ ಬರಲಿ.

ನಿಮ್ಮ ಮುಂದೆ ನಿಲ್ಲುವ ಧೈರ್ಯ ಇನ್ನೂ ಬಾರದ,
ಎದುರು ಬಾಗಿಲಿನ ಲ್ಯಾಬಿನವಳು